ದತ್ತಾತ್ರಿ ಪ್ರೊಫೆಸರರು ಕೂಸು ಎಣಿಸಿದ್ದು

ಗದಗಿನ ನಮ್ಮ ಓಣಿಯಲ್ಲಿ ದತ್ತಾತ್ರಿ ಪ್ರೊಫೆಸರರಿಗೆ ಯಾರೂ ಕಷಾಯ ಕೊಡುತ್ತಿರಲಿಲ್ಲ. ಕುಡಿದ ಮೇಲೆ ನೆಗಡಿ ಹೋದರೂ, "ಕುಡೀದಿದ್ರ ಹೋಗ್ತಿದ್ದಿಲ್ಲೇನು?" ಎಂದು ಕೇಳುವ ಆಸಾಮಿ. ಪುಣೆಯ ವೈದ್ಯಕೀಯ ಕಾಲೇಜೊಂದರಲ್ಲಿ ರೋಗ, ಸಾವುಗಳ ಅಂಕಿಸಂಖ್ಯೆ ಕಲಿಸುವುದು ಅವರ ಕೆಲಸ. ಹೊಸ ಔಷಧವನ್ನು ಹೊಗಳುತ್ತ ಬಂದ ಡಾಕ್ಟರರಿಗೂ ಅದೇ ಪ್ರಶ್ನೆ ಹಾಕಿ ಎಲ್ಲರನ್ನೂ ದೂರ ಮಾಡಿಕೊಂಡಿದ್ದರು. ಆದರೆ ಅವರ ಲೆಕ್ಕ ಪಕ್ಕಾ ಎಂದು ಮುಂಬಯಿ ಸರಕಾರವೂ ನಂಬಿತ್ತು.

ಏಕೀಕರಣದ ಹಿಂದಿನ ವರ್ಷ ಬೇಸಿಗೆ ರಜೆಗೆ ಊರಿಗೆ ಬಂದಾಗ ಸರಕಾರ ಅವರಿಗೊಂದು ಕೆಲಸ ಹಚ್ಚಿತು. ಹತ್ತಿರದ ಹಳ್ಳಿ ಬಿಂಕದಕಟ್ಟಿಯಲ್ಲಿ ಎಷ್ಟು ಕೂಸುಗಳು ಸಾಯುತ್ತವೆ ನೋಡಿ ಹೇಳಬೇಕು. ಹೆಚ್ಚಿದ್ದರೆ ಊರಿಗೊಬ್ಬ ನರ್ಸು, ಇಲ್ಲದಿದ್ದರೆ ಇಲ್ಲ. ಆ ಬಿಸಿಲಲ್ಲೂ ಕೋಟು ತೊಟ್ಟು ಪ್ರೊಫೆಸರರು ಮನೆಮನೆ ತಿರುಗಿದರು.

"ಮಕ್ಕಳು ತೀರಿಕೊಂಡದ್ದು ಏನರ ಅದ ಏನವ್ವಾ?"

"ಇಲ್ರೀ ಯಪ್ಪಾ," ಎಂದಳು ಮೊದಲ ಮನೆಯ ಮಂಜವ್ವ. ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಅದೇ ಉತ್ತರ.

ಅವರು ಹಿಗ್ಗಿನಿಂದ ಮನೆಗೆ ಬಂದು ಊಟಕ್ಕೆ ಕುಳಿತರು. ಹೆಂಡತಿ ನರ್ಮದಾ ಸಾರು ಬಡಿಸುತ್ತಿದ್ದಳು.

"ಭಾಳ ಗಟ್ಟಿ ಊರು ಅದು. ನರ್ಸ್ ಬ್ಯಾಡಂತ ಬರದು ಕಳಸ್ತೀನಿ."

"ನಿಮಗ ಮಕ್ಕಳೆಷ್ಟ್ರೀ?" ಎಂದಳು ನರ್ಮದಾ.

"ಇದೇನ ಹುಚ್ಚು? ಅನಂತ ಒಬ್ಬನ."

"ತೀರಿಕೊಂಡದ್ದು?"

"ಇಲ್ಲ."

ಅಂದವರ ಕೈ ತಾಟಿನಲ್ಲೇ ನಿಂತಿತು. ಅನಂತನಿಗಿಂತ ಮೊದಲು ಒಂದು ಹೆಣ್ಣು ಕೂಸು ಹುಟ್ಟಿ, ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಹೋಗಿತ್ತು. ನಮ್ಮ ಕಡೆ ಹೆಸರಿಡದ ಕೂಸನ್ನು ಯಾರೂ ಮಕ್ಕಳ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಕೂಸನ್ನು ಧೋತರದಲ್ಲಿ ಸುತ್ತಿ ಮಣ್ಣು ಮಾಡಲು ಎತ್ತಿಕೊಂಡು ಹೋದವರು ಇವರೇ. ಪ್ರೊಫೆಸರರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂಕಟವಾಯಿತು. ನರ್ಮದಾ ಇನ್ನೊಂದಿಷ್ಟು ಸಾರು ಹಾಕಿದಳು.

ಮರುದಿನ ಮತ್ತೆ ಮಂಜವ್ವನ ಮನೆಗೆ ಹೋದರು. ಈ ಸಲ ಪ್ರಶ್ನೆ ಬೇರೆ.

"ಎಷ್ಟು ಸಲ ಬಾಣಂತನ ಆಗ್ಯದವ್ವಾ?"

ಮಂಜವ್ವ ಹೊಸ್ತಿಲ ಹತ್ತಿರ ಕುಳಿತುಬಿಟ್ಟಳು. "ಹೆಸರ ಇಡದ ಕೂಸೂ ಲೆಕ್ಕಕ್ಕ ಬರ್ತಾವೇನ್ರೀ?"

"ಬರ್ತಾವವ್ವಾ. ನಂದೂ ಒಂದು ಅದ."

ಆಮೇಲೆ ಮಂಜವ್ವನ ಓಣಿಯ ಹೆಂಗಸರು ತಾವಾಗಿಯೇ ಬಂದು ಹೇಳತೊಡಗಿದರು. ಕೆಲವರು ಅತ್ತರು, ಎಲ್ಲರೂ ಹೇಳಿದರು.

ನರ್ಸ್ ಬೇಕೇಬೇಕೆಂದು ಪ್ರೊಫೆಸರರು ಬರೆದು ಕಳಿಸಿದ ಕಾಗದಗಳು ಏಕೀಕರಣದ ಗದ್ದಲದಲ್ಲಿ ಮುಂಬಯಿ ಸರಕಾರದಿಂದ ಮೈಸೂರು ಸರಕಾರದತ್ತ ಹೊರಟು ಒಂದಿಷ್ಟು ದಿನ ದಾರಿ ತಪ್ಪಿದರೂ, ಕೊನೆಗೆ ಬಿಂಕದಕಟ್ಟಿಗೆ ನರ್ಸ್ ಬಂದಳು. ಅವಳನ್ನು ಕರೆತಂದ ಅಧಿಕಾರಿ, ರಜೆಗೆ ಊರಿಗೆ ಬಂದಿದ್ದ ಪ್ರೊಫೆಸರರ ಮನೆಯಲ್ಲಿ ಚಹಾ ಕುಡಿಯುತ್ತ, ಸುಮ್ಮನೆ ಮಾತಿಗೆ, ಮಕ್ಕಳೆಷ್ಟು ಎಂದು ಕೇಳಿದರು.

"ಇಬ್ಬರು," ಎಂದರು ದತ್ತಾತ್ರಿ.

ನರ್ಮದಾ ಒಳಗೆ ಹೋಗಿ ಅತ್ತಳು.