ಚಿನ್ನಿ ಹಿಡಿದ ಬಳಸುದಾರಿ

ನಾನೆಸೆದ ಮರದ ಡಂಬೆಲ್ ಮೈದಾನದಲ್ಲಿ ನೇರ ಎದುರಿಗೇ ಬಿತ್ತು. "ತಗೊಂಡ್ ಬಾ" ಅಂದೆ. ನಮ್ಮ ಲ್ಯಾಬ್ರಡಾರ್ ಚಿನ್ನಿ ಓಡಿದಳು, ಆದರೆ ನೇರವಾಗಿ ಅಲ್ಲ! ಮೈದಾನದ ಅಂಚು ಹಿಡಿದು ದೊಡ್ಡದಾಗಿ ಬಳಸಿ ಹೋಗಿ, ಡಂಬೆಲ್ ಕಚ್ಚಿಕೊಂಡು, ಅದೇ ದಾರಿಯಲ್ಲಿ ಹಿಂದೆ ಬಂದು ನನ್ನೆದುರು ಗಂಭೀರವಾಗಿ ಕೂತಳು.

ಚಿಕ್ಕಮಗಳೂರಿನ ಶ್ವಾನ ಪ್ರದರ್ಶನದಲ್ಲಿ ಹೇಳಿದ ಮಾತು ಕೇಳುವ ನಾಯಿಗಳ ಸ್ಪರ್ಧೆ ಅದು. ತೀರ್ಪುಗಾರರು ತಾವೇ ಹುಲ್ಲಿನ ಮೇಲೆ ಓಡಾಡಿ ನೋಡಿದರು. ಮುಳ್ಳಿಲ್ಲ, ಕೆಸರಿಲ್ಲ.

"ಮಧ್ಯದಲ್ಲಿ ಏನಿದೆ ಅಂತ ಹೀಗೆ ಸುತ್ತಿ ಹೋಗ್ತಾಳೆ ಮೇಡಂ?"

ನನಗೇನು ಗೊತ್ತು? ಇನ್ನೊಂದು ಅವಕಾಶ ಕೊಟ್ಟರು. ಆಗಲೂ ಅದೇ ಸುತ್ತು. ಪದಕ ಕೈತಪ್ಪಿತು.

ಮನೆಗೆ ಮರಳುವ ದಾರಿಯಲ್ಲಿ ಕಾರು ವಸ್ತಾರೆ ದಾಟುವಾಗ ಥಟ್ಟನೆ ಹೊಳೆಯಿತು. ಗುಡ್ಡದ ಮೇಲಿನ ನಮ್ಮ ತೋಟದಲ್ಲಿ ಸಮತಟ್ಟು ಜಾಗ ಅಂದರೆ ಮನೆಯೆದುರಿನ, ಕಾಫಿ ಒಣಗಿಸುವ ಕಣ ಒಂದೇ. ಕೊಯ್ಲಿನ ಸಮಯದಲ್ಲಿ ಅಲ್ಲೇ ಕಲಿಸಿದ್ದೆ. ನಡುವೆ ಹರವಿದ ಕಾಫಿ, ಈಚೆ ತುದಿಯಲ್ಲಿ ನಾನು, ಆಚೆ ತುದಿಯಲ್ಲಿ ಡಂಬೆಲ್. ಕಾಫಿಯ ಮೇಲೆ ಕಾಲಿಟ್ಟರೆ ಮನೆಮಂದಿಯೆಲ್ಲ ಗದರುತ್ತಿದ್ದೆವು. ಸುತ್ತಿ ಹೋಗುವುದೂ ಪಾಠದಲ್ಲಿ ಸೇರಿದೆ ಅಂತ ಚಿನ್ನಿ ಕಲಿತುಬಿಟ್ಟಿದ್ದಳು.

ಮನೆಗೆ ಬಂದು ನಮ್ಮ ಯಜಮಾನರಿಗೆ ಹೇಳಿದೆ. "ಎಂಥಾ ಪೆದ್ದಿ ಮಾರಾಯ್ತಿ ಇವಳು!" ಅಂತ ಬಿದ್ದು ಬಿದ್ದು ನಕ್ಕರು. ನಗುತ್ತಲೇ ಕಣದಾಚೆಯ ಗೇಟು ಹಾಕಲು ಹೊರಟರು. ಕಾಫಿ ಮೂಟೆಗಳೆಲ್ಲ ಹೋಗಿ ಕಣ ಖಾಲಿಯಾಗಿ ಎಷ್ಟೋ ದಿನವಾಗಿತ್ತು. ಆದರೂ ಅವರು ಅಂಚು ಹಿಡಿದು ಸುತ್ತಿಕೊಂಡೇ ಹೋದರು, ಹಿಂದೆ ಚಿನ್ನಿ.