ಅಪ್ಪ ನೋಡಿದ ಮೋಟಾರ್ ಸೈಕಲ್

ಹಳೆಯ ಮೋಟಾರ್ ಸೈಕಲ್ ಕೊಳ್ಳುವಾಗ ಏನೇನು ನೋಡಬೇಕು ಎಂದು ಕೇಳಿಕೊಂಡು ಈಗಲೂ ಹುಡುಗರು ನನ್ನ ಹತ್ತಿರ ಬರುತ್ತಾರೆ. ನಾನು ಗತ್ತಿನಿಂದಲೇ ಹೇಳುತ್ತೇನೆ. ನೀವು ಬರುವ ಹೊತ್ತು ಮಾರುವವನಿಗೆ ಗೊತ್ತಿರಬಾರದು. ಗಾಡಿ ಮುಟ್ಟುವ ಮೊದಲು ಅದು ನಿಂತಿದ್ದ ನೆಲ ನೋಡಿ, ಎಣ್ಣೆ ತೊಟ್ಟಿಕ್ಕಿದೆಯೇ ಎಂದು. ಎಂಜಿನ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ, ನಿಮಗೆ ತೋರಿಸುವುದಕ್ಕಾಗಿಯೇ ಮುಂಚೆ ಯಾರೋ ಒದ್ದಾಡಿ ಎಬ್ಬಿಸಿದ್ದಾರೆ ಎಂದರ್ಥ. ಒದ್ದೆ ನೆಲದ ಮೇಲೆ ನೆಟ್ಟಗೆ ಓಡಿಸಲು ಹೇಳಿ. ಹಿಂದಿನ ಚಕ್ರದ ಗುರುತು ಮುಂದಿನ ಚಕ್ರದ ಗುರುತಿನ ಮೇಲೇ ಬೀಳಬೇಕು. ಬೇರೆ ಬಿದ್ದರೆ ಗಾಡಿಯ ಬೆನ್ನು ಎಲ್ಲೋ ಸೊಟ್ಟಗಾಗಿದೆ, ಪುಕ್ಕಟೆ ಕೊಟ್ಟರೂ ಬೇಡ. ಹುಡುಗರು ತಲೆದೂಗುತ್ತಾರೆ. "ಎಲ್ಲಿ ಕಲಿತ್ರಿ ಸಾರ್ ಇದೆಲ್ಲ?" ಎನ್ನುತ್ತಾರೆ. ಅನುಭವ ಎನ್ನುತ್ತೇನೆ. ಶುದ್ಧ ಸುಳ್ಳು. ಇದಿಷ್ಟನ್ನೂ ನನಗೆ ಹೇಳಿದವನು, ಜೀವಮಾನದಲ್ಲಿ ಒಂದು ಸಲವೂ ಮೋಟಾರ್ ಸೈಕಲ್ ಹತ್ತದ ನಮ್ಮಪ್ಪ. ಹೇಳಿದ ದಿನ ನಾನು ಅವನಿಗೆ ಬಾಯಿ ಮುಚ್ಚು ಎಂದಿದ್ದೆ.

ಅಪ್ಪನಿಗೆ ಮಾದಿಹಳ್ಳಿಯ ಹತ್ತಿರ ಒಂದಿಷ್ಟು ರಾಗಿ ಹೊಲ, ಬದುವಿನ ಮೇಲೆ ಕೆಲವು ತೆಂಗಿನ ಮರ. ಆದರೆ ಅವನ ಹೆಸರು ಇದ್ದದ್ದು ಅದಕ್ಕಲ್ಲ, ಎತ್ತು ನೋಡುವುದಕ್ಕೆ. ಅರಸೀಕೆರೆ ಸಂತೆಯಲ್ಲಿ ಜೋಡಿ ಕೊಳ್ಳುವವರು ಹಿಂದಿನ ದಿನವೇ ಮನೆಗೆ ಬಂದು ಅವನನ್ನು ಕರೆಯುತ್ತಿದ್ದರು. ಅದಕ್ಕೆ ಅವನು ಒಂದು ಲೋಟ ಕಾಫಿ, ಎಲೆಅಡಿಕೆ ಬಿಟ್ಟರೆ ಬೇರೇನೂ ಮುಟ್ಟಿದವನಲ್ಲ. ಅವನು ಬರುವುದು ಕಂಡರೆ ದಲ್ಲಾಳಿಗಳು ಖೋಡಿ ಎತ್ತುಗಳನ್ನು ಹಿಂದಕ್ಕೆ ಕಟ್ಟುತ್ತಿದ್ದರಂತೆ. "ಬ್ಯಾಡ" ಎಂದು ಅವನು ಒಂದು ಸಲ ಅಂದರೆ ಆ ಎತ್ತನ್ನು ಅವತ್ತು ಯಾರೂ ಕೊಳ್ಳುತ್ತಿರಲಿಲ್ಲ. ಹಳೇಬೀಡಿನ ಸುತ್ತಮುತ್ತ ಅವನಿಗೆ ಸಿಗುತ್ತಿದ್ದ ಮರ್ಯಾದೆಯೆಲ್ಲ ಆ ಒಂದು ಮಾತಿಗೆ. ಅದು ಹೋದರೆ ಅವನ ಹತ್ತಿರ ಹೇಳಿಕೊಳ್ಳುವಂಥದ್ದು ಮತ್ತೇನೂ ಇರಲಿಲ್ಲ.

ನಾನು ಬೇಲೂರಿನ ಬ್ಲಾಕ್ ಆಫೀಸಿನಲ್ಲಿ ವ್ಯವಸಾಯದ ಅಧಿಕಾರಿಯಾಗಿದ್ದೆ. ರೈತರಿಗೆ ರೈತಾಪಿ ಹೇಳಿಕೊಡುವ ಕೆಲಸ. ಈಗ ನೆನೆದರೆ ನಗು ಬರುತ್ತದೆ. ಅರವತ್ತರ ದಶಕದ ಶುರು, ಗೊಬ್ಬರದ ಚೀಲಗಳು ಆಗಷ್ಟೇ ಹಳ್ಳಿಗಳಿಗೆ ಬರುತ್ತಿದ್ದ ಕಾಲ. ತಿಂಗಳಲ್ಲಿ ಮುಕ್ಕಾಲು ಪಾಲು ಟೂರು. ಗೆಂಡೆಹಳ್ಳಿಗೆ ಹೋದರೆ ಬಸ್ಸು ತಪ್ಪುತ್ತಿತ್ತು, ಬಸ್ಸು ಹಿಡಿದರೆ ಊರು ತಪ್ಪುತ್ತಿತ್ತು. ಪ್ಯಾಂಟು ಹಾಕಿದ ಅಧಿಕಾರಿ ಬಾಡಿಗೆ ಸೈಕಲ್ ತುಳಿದುಕೊಂಡು ಬೆವರಿಳಿಸುತ್ತ ಬಂದರೆ ಪಟೇಲರು ಕುರ್ಚಿ ಹಾಕಿಸುವುದಕ್ಕೂ ಯೋಚನೆ ಮಾಡುತ್ತಿದ್ದರು. ನನಗೆ ಮೋಟಾರ್ ಸೈಕಲ್ ಬೇಕಾಗಿತ್ತು. ಅದರ ಸದ್ದು ಬೇಕಾಗಿತ್ತು ಎಂದರೆ ಇನ್ನೂ ಸರಿ.

ಅರೇಹಳ್ಳಿಯ ಕಾಫಿ ತೋಟದ ಸಾಹುಕಾರರೊಬ್ಬರ ಹತ್ತಿರ ಒಂದು ಗಾಡಿ ಮಾರಾಟಕ್ಕಿದೆ ಎಂದು ಆಫೀಸಿನಲ್ಲಿ ಗೊತ್ತಾಯಿತು. ನಾನೂ ಬತ್ತೀನಿ ಎಂದು ಅಪ್ಪ ಹೊರಟ. ಬೇಡ ಎಂದು ಎರಡು ಸಲ ಹೇಳಿದೆ. "ದುಡ್ಡು ಕೊಟ್ಟು ತರೋದಲ್ವೇನ್ಲಾ, ನಾಕು ಕಣ್ಣಲ್ಲಿ ನೋಡಾನ" ಎಂದು ಹೆಗಲಿಗೆ ಟವೆಲ್ ಹಾಕಿಕೊಂಡು ಬಸ್ಸು ಹತ್ತಿದ. ಬೇಲೂರಿನಿಂದ ಅರೇಹಳ್ಳಿಯವರೆಗೂ ನಾನು ಅವನ ಪಕ್ಕ ಕೂರಲಿಲ್ಲ, ಎರಡು ಸೀಟು ಮುಂದೆ ಕೂತೆ.

ಗಾಡಿ ಚೆನ್ನಾಗಿತ್ತು. ಅಂದರೆ ಕಣ್ಣಿಗೆ ಚೆನ್ನಾಗಿತ್ತು. ಟ್ಯಾಂಕಿಗೆ ಹೊಸದಾಗಿ ಕಪ್ಪು ಬಣ್ಣ, ಅದರ ಮೇಲೆ ಬಂಗಾರದ ಗೆರೆ. ಸಾಹುಕಾರರು ಬಿಳಿ ಷರಟಿನಲ್ಲಿ ನಿಂತು, "ನಮ್ಮದು ಒಂದೇ ಕೈ ಸ್ವಾಮಿ, ಬೇರೆಯವರಿಗೆ ಮುಟ್ಟೋಕೆ ಕೊಟ್ಟಿಲ್ಲ" ಎಂದರು. ನಾನು ಹ್ಯಾಂಡಲ್ ಹಿಡಿದು ಕೂತೆ. ಕನ್ನಡಿಯಲ್ಲಿ ಮುಖ ನೋಡಿಕೊಂಡೆ. ನನ್ನ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಅಪ್ಪ ಮೊದಲು ಗಾಡಿಯ ಹತ್ತಿರ ಬರಲೇ ಇಲ್ಲ. ಸೀದಾ ಅದು ನಿಂತಿದ್ದ ಷೆಡ್ಡಿಗೆ ಹೋದ. ಬಗ್ಗಿ ನೆಲ ನೋಡಿದ, ಒಂದಿಷ್ಟು ಮಣ್ಣನ್ನು ಬೆರಳಲ್ಲಿ ಉಜ್ಜಿ ಮೂಸಿದ. ಆಮೇಲೆ ಬಂದು ಎಂಜಿನ್ ಮೇಲೆ ಅಂಗೈ ಇಟ್ಟ. ಇಟ್ಟ ಕೈ ತೆಗೆಯದೆ ನನ್ನ ಮುಖ ನೋಡಿ, "ಬಿಸಿ ಐತೆ ಕಣ್ಲಾ. ನಾವು ಬರೋಕ್ ಮುಂಚೆನೇ ಓಡಾಡ್ಸವ್ರೆ. ಕುಂಟೆತ್ತನ್ನ ಸಂತೆಗೆ ಹಂಗೇ ತರೋದು, ಎರಡು ಮೈಲಿ ನಡೆಸ್ಬುಟ್ರೆ ಕುಂಟು ಕಾಣಾಕಿಲ್ಲ" ಎಂದ. ಸಾಹುಕಾರರ ಮುಖ ಸ್ವಲ್ಪ ಬಿಗಿಯಿತು. ಅವರ ಆಳು ಗಾಡಿಯನ್ನು ಕಾಫಿ ಒಣಗಿಸುವ ಕಣದ ಮೇಲೆ ಓಡಿಸಿ ತೋರಿಸಿದ. ಹಿಂದಿನ ದಿನದ ಮಳೆಗೆ ಕಣ ಇನ್ನೂ ಒದ್ದೆಯಿತ್ತು. ಅಪ್ಪ ಗಾಡಿಯನ್ನು ನೋಡಲಿಲ್ಲ, ಅದು ಹೋದ ಮೇಲೆ ಕುಕ್ಕರುಗಾಲಲ್ಲಿ ಕೂತು ಚಕ್ರದ ಗುರುತು ನೋಡಿದ. "ಮಗ, ಹಿಂದ್ಲ ಹೆಜ್ಜೆ ಮುಂದ್ಲ ಹೆಜ್ಜೆ ಮ್ಯಾಲೆ ಬೀಳ್ತಾ ಇಲ್ಲ. ಇದ್ರ ಬೆನ್ನು ಮುರಿದೈತೆ. ಬ್ಯಾಡ."

ಸಾಹುಕಾರರು ನಕ್ಕರು. "ಯಾರಿವರು?" ಎಂದು ನನ್ನನ್ನು ಕೇಳಿದರು. ನಮ್ಮ ತಂದೆ ಎಂದೆ, ಅಷ್ಟು ಮಾತ್ರ ನಿಜ ಹೇಳಿದೆ. ಆಮೇಲೆ ಅಪ್ಪನ ಕಡೆ ತಿರುಗಿ, ಇಡೀ ಕಣಕ್ಕೆ ಕೇಳುವ ಹಾಗೆ, "ಬಾಯಿ ಮುಚ್ಕೊಂಡು ಕೂತ್ಕೋ ಅಪ್ಪ. ಇದು ಸಗಣಿ ಹಾಕೋ ಜಾತಿ ಅಲ್ಲ" ಎಂದೆ. ಕಣದಲ್ಲಿದ್ದ ಹೆಂಗಸರೂ ನಕ್ಕರು. ಅಪ್ಪ ಬೇಜಾರು ತೋರಿಸಲಿಲ್ಲ. ನಾನು ಕೊಳ್ಳುವುದೇ ನಿಶ್ಚಯ ಎಂದು ಗೊತ್ತಾದ ಮೇಲೆ, ಬೆಲೆಯನ್ನಾದರೂ ಇಳಿಸೋಣ ಎಂದು ಎದ್ದು ಬಂದು ಟವೆಲನ್ನು ಬಲಗೈ ಮೇಲೆ ಹೊದಿಸಿ ಸಾಹುಕಾರರ ಮುಂದೆ ಚಾಚಿದ. ಎತ್ತಿನ ವ್ಯಾಪಾರದಲ್ಲಿ ಹಾಗೇ, ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವುದು. ಸಾಹುಕಾರರು ಆ ಕೈಯನ್ನು ನೋಡುತ್ತ ನಿಂತರೇ ಹೊರತು ತಮ್ಮ ಕೈ ಚಾಚಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಟವೆಲ್ ಮಡಿಸಿ ಹೆಗಲಿಗೆ ಹಾಕಿಕೊಂಡ.

ನಾನು ಗಾಡಿ ಓಡಿಸಿಕೊಂಡು ಬೇಲೂರಿಗೆ ಬಂದೆ. ಅಪ್ಪ ಬಸ್ಸಿನಲ್ಲಿ ಬಂದ.

ಆಫೀಸಿನಲ್ಲಿ ಈ ಕಥೆಯನ್ನು ನಾನೇ ಶುರು ಮಾಡಿದೆ. ಮೊದಲ ದಿನ ನಡೆದದ್ದನ್ನಷ್ಟೇ ಹೇಳಿದೆ. ನಗು ಸಾಲದು ಅನ್ನಿಸಿತು. ಮಾರನೆಯ ದಿನ ಅಪ್ಪ ಎತ್ತಿನ ಮೈಮೇಲೆ ನೋಡುವ ಹಾಗೆ ಗಾಡಿಗೂ ಸುಳಿ ಎಲ್ಲಿದೆ ಎಂದು ಹುಡುಕಿದ ಎಂದು ಸೇರಿಸಿದೆ. ಅದರ ಮಾರನೆಯ ದಿನ ವಯಸ್ಸು ತಿಳಿಯಲು ಮುಂದಿನ ದೀಪ ಬಿಚ್ಚಿ ಎಷ್ಟು ಹಲ್ಲಾಗಿದೆ ಎಂದು ನೋಡಹೋದ ಎಂದೆ. ನಮ್ಮ ಆಫೀಸಿನ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರಾದರೂ ಮೇಲಿನವರು ಬಂದರೆ, "ರೀ, ಆ ಎತ್ತಿನ ಕಥೆ ಹೇಳ್ರೀ" ಎಂದು ನನ್ನನ್ನು ಕರೆಸುತ್ತಿದ್ದರು. ಅದುವರೆಗೆ ನನ್ನ ಮುಖ ಸರಿಯಾಗಿ ಗೊತ್ತಿಲ್ಲದವರೆಲ್ಲ ಹೋಟೆಲಿನಲ್ಲಿ ಪಕ್ಕಕ್ಕೆ ಕರೆದು ಕೂರಿಸಿಕೊಂಡು ಕಾಫಿ ಕೊಡಿಸಿದರು. ನನಗೆ ತುಂಬ ಖುಷಿಯಾಗುತ್ತಿತ್ತು. ಇದನ್ನು ಮುಚ್ಚಿಟ್ಟು ಏನು ಪ್ರಯೋಜನ?

ಗಾಡಿ ಮಾತ್ರ ಅಪ್ಪ ಹೇಳಿದ ಹಾಗೇ ನಡೆದುಕೊಂಡಿತು. ಬೆಳಿಗ್ಗೆ ತಣ್ಣಗಿದ್ದಾಗ ಎಷ್ಟು ಒದ್ದರೂ ಏಳುತ್ತಿರಲಿಲ್ಲ. ಬೀದಿಯವರು ಏಳುವ ಮುಂಚೆ ಇಳಿಜಾರಿಗೆ ತಳ್ಳಿಕೊಂಡು ಹೋಗಿ ಎಬ್ಬಿಸುತ್ತಿದ್ದೆ. ಕೈ ಸಡಿಲ ಬಿಟ್ಟರೆ ಎಡಕ್ಕೆ ಎಳೆಯುತ್ತಿತ್ತು. ಗೆಂಡೆಹಳ್ಳಿಯ ದಾರಿಯಲ್ಲಿ ಒಂದು ತಿರುವಿನಲ್ಲಿ ಬಿದ್ದು ಮೊಣಕೈ ತರಚಿಕೊಂಡು ಬಂದೆ, ನಾಯಿ ಅಡ್ಡ ಬಂತು ಎಂದು ಎಲ್ಲರಿಗೂ ಹೇಳಿದೆ. ಕಥೆ ಹೇಳುವುದನ್ನು ನಿಲ್ಲಿಸಲಿಲ್ಲ.

ಕೊನೆಗೆ ಅರಸೀಕೆರೆಯ ಮೆಕ್ಯಾನಿಕ್ ಒಬ್ಬನ ಹತ್ತಿರ ತೆಗೆದುಕೊಂಡು ಹೋದೆ. ಅವನ ಷೆಡ್ಡು ಸಂತೆ ಮೈದಾನದ ಎದುರಿಗೇ ಇತ್ತು; ಪಕ್ಕದಲ್ಲೇ ಟೀ ಅಂಗಡಿ, ಅದರ ಬೆಂಚಿನ ಮೇಲೆ ದನದ ದಲ್ಲಾಳಿಗಳು. ಮೆಕ್ಯಾನಿಕ್ ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ನೆಟ್ಟಗೆ ಒಂದು ದಾರ ಎಳೆದು ಹಿಡಿದು, ಮುಂದಿನ ಚಕ್ರದ ಹತ್ತಿರ ಎರಡು ಬೆರಳು ತೂರುವಷ್ಟು ಸಂದು ತೋರಿಸಿದ. "ಎಲ್ಲೋ ಜೋರಾಗಿ ಗುದ್ದೈತೆ ಸಾರ್, ಬಡಿದು ನೆಟ್ಟಗೆ ಮಾಡಿ ಬಣ್ಣ ಬಳಿದವ್ರೆ. ಕಣ್ಣಿರೋರು ಯಾರೂ ತಗೊಳಾಕಿಲ್ಲ ಇದನ್ನ. ಯಾರ್ ನೋಡಿದ್ದು?" ಎಂದ. ಬೆಂಚಿನ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಾನು ಟೂರು ಬರುವ ಅಧಿಕಾರಿ, ಅವರೂರಿಗೆ ಹೋಗಿ ಬೀಜ, ಗೊಬ್ಬರ ಯಾವುದು ಒಳ್ಳೆಯದು ಎಂದು ಹೇಳಬೇಕಾದವನು. "ನಮ್ಮಪ್ಪ ನೋಡಿದ್ದು" ಎಂದೆ.

ಒಬ್ಬ ದಲ್ಲಾಳಿ ಲೋಟ ಕೆಳಗಿಟ್ಟು, ಯಾವೂರು, ಯಾರ ಮಗ ಎಂದು ವಿಚಾರಿಸಿದ. ಹೇಳಿದೆ. ಅವನ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮುಂದಿನ ಸಂತೆಯಲ್ಲಿ ನಡೆದದ್ದನ್ನು ನಮ್ಮ ಪಕ್ಕದ ಮನೆಯವರು ಹೇಳಿದರು. ಅಪ್ಪನನ್ನು ಎತ್ತು ನೋಡಲು ಕರೆದುಕೊಂಡು ಹೋದವರೇ ಅವರು. ಅಪ್ಪ ಒಂದು ಎತ್ತಿನ ಹೆಗಲು ಸವರಿ ಬ್ಯಾಡ ಎಂದನಂತೆ. ಅದೇ ದಲ್ಲಾಳಿ, "ಗೌಡ್ರೇ, ಸ್ವಂತ ಮಗನಿಗೆ ಸೊಂಟ ಮುರಿದಿರೋ ಗಾಡಿ ಆರ್ಸಿ ಕೊಟ್ಟೋರು ನೀವು. ಅದಕ್ಕೆ ಎಷ್ಟು ಹಲ್ಲಾಗಿತ್ತು, ಬಾಯಿ ಬಿಡಿಸಿ ನೋಡಿದ್ರಂತಲ್ಲ?" ಎಂದನಂತೆ. ನಾನು ಆಫೀಸಿನಲ್ಲಿ ಕಟ್ಟಿದ ಕಥೆ ಅಷ್ಟರಲ್ಲಿ ಸಂತೆಯವರೆಗೂ ಮುಟ್ಟಿತ್ತು. ಸಾಲಿಗೆ ಸಾಲೇ ನಕ್ಕಿತಂತೆ. "ನಾನೇನ್ ಮಾಡ್ಲಪ್ಪ," ಎಂದರು ಪಕ್ಕದ ಮನೆಯವರು, "ಅಷ್ಟು ಜನ ನಗ್ತಾ ಇರೋವಾಗ ನಾನೂ ಅದೇ ಎತ್ತು ತಗೊಂಡ್ ಬಂದ್ಬುಟ್ಟೆ." ಅಪ್ಪ ಅವತ್ತು ಉಣ್ಣದೆ ಮಲಗಿದ ಎಂದು ಅವ್ವ ಹೇಳಿದಳು. ಅಪ್ಪ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ. ಆ ಅವಕಾಶ ಅವನು ಕೊಡಲೇ ಇಲ್ಲ.

ಆಮೇಲೆ ಅವನನ್ನು ಯಾರೂ ಕರೆಯಲಿಲ್ಲ. ಸಂತೆಯ ದಿನ ಬೆಳಿಗ್ಗೆ ಅಭ್ಯಾಸಬಲದಿಂದ ಸ್ನಾನ ಮಾಡಿ ಜಗಲಿಯ ಮೇಲೆ ಕೂರುತ್ತಿದ್ದ. ಬೀದಿಯಲ್ಲಿ ಜನ ಹೋಗುವುದು ಕಾಣುತ್ತಿತ್ತು. ಬಿಸಿಲೇರಿದ ಮೇಲೆ ಎದ್ದು ಹಿತ್ತಿಲಿಗೆ ಹೋಗುತ್ತಿದ್ದ.

ಮರುವರ್ಷ ನಮ್ಮ ಮನೆಯ ಜೋಡಿಯಲ್ಲೇ ಒಂದು ಎತ್ತು ಸತ್ತಿತು. ಹೊಸದು ತರಲು ಅಪ್ಪ ನನ್ನನ್ನು ಸಂತೆಗೆ ಕರೆದ. ಮೈದಾನದ ಬಾಯಲ್ಲೇ ನಿಂತು, "ನೀನೇ ನೋಡಪ್ಪ. ನಾನು ನೋಡಿದ್ರೆ ನಗ್ತಾರೆ" ಎಂದ. ಅದುವರೆಗೆ ಅವನು ನನ್ನನ್ನು ಅಪ್ಪ ಎಂದು ಕರೆದವನಲ್ಲ. ಮಗ, ಇಲ್ಲದಿದ್ದರೆ ಏನ್ಲಾ. ನನಗೆ ಎತ್ತಿನ ವಿಷಯ ಏನೂ ಗೊತ್ತಿರಲಿಲ್ಲ. ಅದನ್ನು ಒಪ್ಪಿಕೊಳ್ಳುವ ಬದಲು ಸಾಲಿನುದ್ದಕ್ಕೂ ನಡೆದು, ನೆಟ್ಟನೆ ಕೊಂಬಿನ ಒಂದು ಬಿಳಿ ಎತ್ತಿನ ಮುಂದೆ ನಿಂತೆ. ಅಪ್ಪನ ಕಣ್ಣು ಅದರ ಮುಂಗಾಲಿನ ಮಂಡಿಯ ಮೇಲೆ ನಿಂತಿತು. ಅಲ್ಲಿ ಕೂದಲು ಸವೆದು ಚರ್ಮ ಕಾಣುತ್ತಿತ್ತು. ಅವನು ಬಾಯಿ ತೆರೆದ, ಮತ್ತೆ ಮುಚ್ಚಿದ. ಅದನ್ನು ನಾನು ನೋಡಿದೆ. ನೋಡಿಯೂ, ಹಟಕ್ಕೆ, "ಇದೇ ಇರಲಿ" ಎಂದೆ. ಅಪ್ಪ ಸೊಂಟದ ಚೀಲ ಬಿಚ್ಚಿದ.

ಆ ಎತ್ತು ಉಳುವಾಗ ಮಲಗುವ ಎತ್ತು. ನಾಲ್ಕು ಸಾಲು ಎಳೆದು, ಮುಂಗಾಲು ಮಡಿಸಿ, ನೊಗದ ಸಮೇತ ಮಲಗಿಬಿಡುತ್ತಿತ್ತು. ಬಾಲ ತಿರುಚಿದರೂ ಏಳುತ್ತಿರಲಿಲ್ಲ. ಒಂದು ಭಾನುವಾರ ನಾನು ಊರಿಗೆ ಹೋದಾಗ ಹೊಲದ ಬದುವಿನ ಮೇಲೆ ಏಳೆಂಟು ಜನ ನಿಂತು ನೋಡುತ್ತಿದ್ದರು. ನಾನು ಗಾಡಿ ನಿಲ್ಲಿಸಿ ಅವರ ಪಕ್ಕದಲ್ಲಿ ನಿಂತೆ. ಜಾಗ ಬಿಟ್ಟು ನಮಸ್ಕಾರ ಹೇಳಿದರು. ಅಪ್ಪ ಸಾಲಿನ ನಡುವೆ ಕೂತು ಎತ್ತಿನ ಕೊರಳಿನ ಹಗ್ಗ ಸಡಿಲ ಮಾಡುತ್ತಿದ್ದ.

"ಇದನ್ನೂ ನೀವೇ ನೋಡಿ ತಂದ್ರಾ ಗೌಡ್ರೇ?" ಎಂದು ಒಬ್ಬ ಕೂಗಿದ.

ಅಪ್ಪ ತಲೆಯೆತ್ತಿದ. "ಇಲ್ಲ ಕಣಪ್ಪ. ನಮ್ಮ ಹುಡುಗ ನೋಡಿದ್ದು" ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಬದುವಿನ ಮೇಲಿದ್ದವರು ಹೋ ಎಂದು ನಕ್ಕರು. "ನೋಡ್ರಲಾ, ಓದಿರೋ ಮಗನ ಮ್ಯಾಲೆ ಹಾಕ್ತಾವ್ರೆ ಈಗ!" ಎಂದ ಇನ್ನೊಬ್ಬ. ಆಮೇಲೆ ನನ್ನ ಕಡೆ ತಿರುಗಿ, ಮರ್ಯಾದೆಯಿಂದ, "ಹೌದೇ ಸ್ವಾಮಿ? ನೀವೇ ನೋಡಿದ್ದಾ?" ಎಂದು ಕೇಳಿದ.

ಅಪ್ಪನೂ ನನ್ನನ್ನೇ ನೋಡುತ್ತಿದ್ದ. ಹೌದು ಎಂಬ ಒಂದು ಮಾತು ಸಾಕಾಗಿತ್ತು. ಮಾರನೆಯ ದಿನ ಅದೇ ಜನಕ್ಕೆ ನಾನು ಗೊಬ್ಬರದ ವಿಷಯ ಹೇಳಬೇಕಿತ್ತು.

ನಾನು ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ವಯಸ್ಸಾದವರು ಏನೇನೋ ಹೇಳುತ್ತಾರೆ, ಬಿಡಿ ಎನ್ನುವ ಹಾಗೆ ಸ್ವಲ್ಪ ನಕ್ಕು ತಲೆಯಾಡಿಸಿದೆ. ಅವರಿಗೆ ಅರ್ಥವಾಯಿತು. ಅಪ್ಪನಿಗೂ ಅರ್ಥವಾಯಿತು. ಅವನು ಎತ್ತಿನ ಕಡೆ ತಿರುಗಿ, ಅದರ ಕೊರಳಿನಿಂದ ನೊಗ ಬಿಚ್ಚಿ, ಇನ್ನೊಂದು ಎತ್ತನ್ನು ಮಾತ್ರ ಹಿಡಿದುಕೊಂಡು ಮನೆಯ ಕಡೆ ನಡೆದ.