ಕೆಡದ ಹಾಲು

ಅಕ್ಕನ ಮೂಗಿನ ತುದಿ ಸದಾ ಕೆಂಪಗಿರುತ್ತಿತ್ತು. ದಿನವೂ ಕುದಿಯುವ ಹಾಲಿನ ಕಡಾಯಿಯ ಮೇಲೆ ಬಗ್ಗಿ ಬಗ್ಗಿ ಹಾಗಾಗಿತ್ತು. ಹಾಲು ಕೆಟ್ಟಿದ್ದರೆ ಮುಚ್ಚಳ ತೆಗೆಯುವ ಮೊದಲೇ ಆ ಮೂಗಿಗೆ ತಿಳಿಯುತ್ತಿತ್ತು. ಚಾಳಿನ ಹೆಂಗಸರು ಹಾಲಿನ ಲೋಟ ಹಿಡಿದು ಬಂದರೆ ಮೂಸಿ, "ಸಂಜೀತನಕ ತಡೀತೈತಿ, ಒಯ್ಯಿ" ಎನ್ನುವಳು. ಹಾಲಿನ ಭೈಯಾನನ್ನು ಮಾತ್ರ ಬಿಡುತ್ತಿರಲಿಲ್ಲ. "ಇದು ನಿನ್ನೀ ಹಾಲು. ಒಯ್ದು ನಿನ್ನ ಎಮ್ಮಿಗೇ ಕುಡಸು!" ಬೈಗುಳ ಕನ್ನಡದಲ್ಲೇ. ಅವನಿಗೆ ಅರ್ಥವಾಗುತ್ತಿತ್ತು.

ಗಂಡ ತೀರಿದ ಮೇಲೆ ತಂಗಿಯಾದ ನನ್ನನ್ನೂ ಕರೆದುಕೊಂಡು ಧಾರವಾಡದಿಂದ ಘಾಟ್ಕೋಪರ್‌ಗೆ ಬಂದವಳು. ಐವತ್ತರ ದಶಕದ ಆ ವರ್ಷಗಳಲ್ಲಿ ಒಂದೇ ಖೋಲಿಯಲ್ಲಿ ಪೇಡೆ ಮಾಡಿ ಇಬ್ಬರ ಹೊಟ್ಟೆ ಹೊರೆದಳು. ನಮ್ಮ ಕಡೆಯವರ ಮನೆಯಲ್ಲಿ ತೊಟ್ಟಿಲ ಕಾರ್ಯವೆಂದರೆ ಪೇಡೆ ಅವಳದೇ. ನಾನು ಮರಾಠಿ ಶಾಲೆಯಲ್ಲಿ ಮೂರನೆಯ ಇಯತ್ತೆವರೆಗೆ ಓದಿದ್ದೆ. ಹೊರಗಿನವರು ಏನೇ ಹೇಳಿದರೂ ಮರಾಠಿ ಬಾರದ ಅವಳಿಗೆ ನಾನೇ ತಿಳಿಸಬೇಕಿತ್ತು.

ಒಂದು ಬೇಸಿಗೆಯಲ್ಲಿ ನನ್ನ ಎಡಗೈ ಬೆರಳಿಗೆ ಉಗುರುಸುತ್ತು ಆಗಿ ಕೀವು ತುಂಬಿತು. ಅಕ್ಕ ಲಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಸಿಗಿಸಿದಳು. "ಲಿಂಬಿಹಣ್ಣಿನ ರಾಣಿ, ಖವಾದ ಹತ್ರ ಬಂದೀ ಅಂದ್ರ ನೋಡು!"

ವಿಕ್ರೋಳಿಯ ಒಂದು ಮನೆಯ ತೊಟ್ಟಿಲಿಗೆ ಪೇಡೆ ಒಪ್ಪಿಕೊಂಡಿದ್ದಳು. ಹಾಲು ಕುದಿಸಿ ಗಟ್ಟಿಮಾಡಿದ ಖವಾ ಆರಿತ್ತು. ಅವಳು ನಳದ ನೀರಿಗೆ ಹೋದಾಗ, ಬರುವಷ್ಟರಲ್ಲಿ ಮುಗಿಸಿ ಶಭಾಷ್ ಅನ್ನಿಸಿಕೊಳ್ಳೋಣವೆಂದು ಲಿಂಬೆಹಣ್ಣು ಕಿತ್ತಿಟ್ಟು ಉಂಡೆ ಕಟ್ಟಿದೆ. ನಡುವೆ ಬೆರಳಿನ ಕೀವು ಒಸರಿತು. ಲಂಗಕ್ಕೆ ಒರೆಸಿಕೊಂಡೆ. ಅಕ್ಕ ಬಂದು ಗದರಿದಾಗ, "ಬರೇ ಬಲಗೈಲೆ ಕಟ್ಟೇನಿ" ಎಂದೆ. ನಂಬಿದಳು. ಆ ಸೆಖೆಯಲ್ಲಿ ಪೇಡೆ ಇಡೀ ರಾತ್ರಿ ತಟ್ಟೆಯಲ್ಲೇ ಇತ್ತು.

ಮರುದಿನ ಊಟವಾಗಿ ಸ್ವಲ್ಪ ಹೊತ್ತಿಗೇ ಆ ಮನೆಯಲ್ಲಿ ವಾಂತಿ ಶುರುವಾಯಿತು. ಮಗುವಿನ ಮುತ್ತಜ್ಜಿಗೆ ಪ್ರಜ್ಞೆಯೇ ತಪ್ಪಿತು. ಸಲಾಯಿನ್ ಏರಿಸಿ ಉಳಿಸಿದರು. ಸುದ್ದಿ ಕೇಳಿ ಓಡಿಬಂದ ನಮ್ಮಿಬ್ಬರನ್ನು ಡಾಕ್ಟರು ಗ್ಯಾಲರಿಗೆ ಕರೆದು ಮರಾಠಿಯಲ್ಲಿ ಹೇಳಿದರು: ಹಾಲು ಕೆಟ್ಟಂತಿಲ್ಲ, ಯಾರದೋ ಗಾಯದ ಕೀವಿನಿಂದ ರೋಗಾಣು ಖವಾಕ್ಕೆ ಸೇರಿ ವಿಷ ಬಿಟ್ಟಿರಬೇಕು, ಕಟ್ಟಿದವರ ಕೈಗೆ ಹುಣ್ಣಿದೆಯೇ? ಇಲ್ಲವೆಂದು ತಲೆಯಾಡಿಸಿದೆ. ಎಡಗೈ ಬೆನ್ನ ಹಿಂದಿತ್ತು. ಅವರು ಅಕ್ಕನ ಕೈ ನೋಡಿ ಒಳಗೆ ಹೋದರು.

"ಏನಂತಾರವಾ?"

"ಹಾಲು ಕೆಟ್ಟಿತ್ತಂತ."

ಅಕ್ಕ ಕಟಕಟೆ ಹಿಡಿದು ನಿಂತಳು. "ನನಗ ವಾಸನಿ ಬರಲಿಲ್ಲಲ್ಲ, ತಂಗೀ?" ಆ ಮನೆಯವರಿಗೂ ಹಾಗೇ ಹೇಳಿ ಕೈಮುಗಿದಳು.

ಆಮೇಲೂ ಕೆಲವರು ಪೇಡೆ ಕೇಳಿ ಬಂದರು. ಅವಳೇ ಒಲ್ಲೆನೆಂದಳು. "ಬ್ಯಾಡ್ರೀ, ನನ್ನ ಮೂಗು ಸತ್ತೈತಿ." ಕಡಾಯಿ ಮಾರಿ ಕಂಡವರ ಮನೆಯ ಪಾತ್ರೆ ತಿಕ್ಕಿದಳು. ಆ ದುಡಿಮೆಯಲ್ಲೇ ನನ್ನ ಮದುವೆ ಮಾಡಿದಳು. ಚಹಾಕ್ಕೆ ಹಾಲು ಹಾಕುವ ಮೊದಲು ನನ್ನನ್ನು ಕರೆದು ಮೂಸಿಸುತ್ತಿದ್ದಳು. "ಚಲೋ ಐತಿ" ಎನ್ನುತ್ತಿದ್ದೆ. ಹೇಳಿಬಿಡಲು ದಿನಕ್ಕೊಂದು ಅವಕಾಶ ಅವಳೇ ಕೊಡುತ್ತಿದ್ದಳು.

ಅವಳು ತೀರಿದಾಗ ವಿಕ್ರೋಳಿಯ ಆ ಮಗುವಿನ ತಾಯಿಯೂ ಬಂದಿದ್ದರು. ನನ್ನ ಪಕ್ಕ ಕೂತು ಬೆನ್ನು ಸವರಿದರು. "ದೇವರಂಥಾಕಿ. ಅವತ್ತೊಂದಿನ ಹಾಲು ನೋಡಲಿಲ್ಲ, ಅಷ್ಟ. ಮತ್ತೊಂದು ತಪ್ಪು ಮಾಡಿದಾಕಿ ಅಲ್ಲ."

"ಹೌದ್ರಿ," ಎಂದೆ.